ಕಡಲಿಲ್ಲದ ನಾಡಿನ ದ್ರಾಕ್ಷಿ

ದ್ರಾಕ್ಷಿ, ಆಲಿವ್, ಕಿತ್ತಳೆ ಇವೆಲ್ಲ ಮೆಡಿಟರೇನಿಯನ್ ವಾಯುಗುಣದ ಬೆಳೆಗಳು ಎಂದು ನಾವೆಲ್ಲ ಹೈಸ್ಕೂಲಿನಿಂದಲೂ ಬಾಯಿಪಾಠ ಮಾಡಿದವರೇ. ಆ ವಾಯುಗುಣದ ಲಕ್ಷಣವೇನು? ಚಳಿಗಾಲದಲ್ಲಿ ಮಳೆ, ಬೇಸಿಗೆ ಒಣ, ಹತ್ತಿರದಲ್ಲೆಲ್ಲೋ ಸಮುದ್ರ. ಎಫ್‌ಡಿಎಯಿಂದ ಹಿಡಿದು ಕೆಎಎಸ್‌ವರೆಗೆ ಯಾವ ಪರೀಕ್ಷೆಯಲ್ಲಿ ಕೇಳಿದರೂ ಇದೇ ಉತ್ತರಕ್ಕೆ ಅಂಕ.

ಈಗ ನಮ್ಮ ಕೊಪ್ಪಳ ಜಿಲ್ಲೆ ನೋಡಿ. ಮಳೆ ಬರುವುದಿದ್ದರೆ ಜೂನ್‌ನಿಂದ ಅಕ್ಟೋಬರ್‌ವರೆಗೆ, ಅದೂ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಚಳಿಗಾಲ ಪೂರ್ತಿ ಒಣ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಸಮುದ್ರ ನೋಡಬೇಕೆಂದರೆ ಕಾರವಾರಕ್ಕೆ ಹೋಗಬೇಕು, ಇನ್ನೂರು ಕಿ.ಮೀ.ಗೂ ಹೆಚ್ಚು ದೂರ. ಪುಸ್ತಕದ ಪ್ರಕಾರ ಇಲ್ಲಿ ದ್ರಾಕ್ಷಿ ಬೆಳೆಯಲೇಬಾರದು. ಆದರೆ ಕುಷ್ಟಗಿ ಸೀಮೆಯಲ್ಲಿರುವ ನಮ್ಮ ಕಾಕಾನ ಮೂರು ಎಕರೆ ಪಡದಲ್ಲಿ ಪ್ರತಿ ಮಾರ್ಚ್‌ಗೆ ಗೊಂಚಲು ತೂಗುತ್ತವೆ. (ದ್ರಾಕ್ಷಿ ತೋಟಕ್ಕೆ ನಮ್ಮ ಕಡೆ ಪಡ ಅಂತಾರೆ.) ಇದೇ ಜಿಲ್ಲೆಯಲ್ಲಿ ಬೆಳೆದ ದ್ರಾಕ್ಷಿಯ ವೈನ್ ದೊಡ್ಡ ಊರುಗಳ ಹೋಟೆಲುಗಳ ಮೇಜಿಗೆ ಹೋಗುತ್ತದೆ. ಪುಸ್ತಕ ಸುಳ್ಳು ಹೇಳುತ್ತಿಲ್ಲ, ಬಳ್ಳಿಯೂ ಸುಳ್ಳು ಹೇಳುತ್ತಿಲ್ಲ. ನಡುವೆ ಏನಾಗುತ್ತದೆ ಎಂಬುದೇ ಸ್ವಾರಸ್ಯ.

ಡಿಗ್ರಿ ಮುಗಿಸಿ ಅರ್ಜಿ ತುಂಬುತ್ತಾ ಕೂತ ಈ ಎರಡು ವರ್ಷ ನಾನು ಪಡದ ಕೆಲಸಕ್ಕೆ ಹೋಗಿದ್ದೇನೆ. ಓದಿನ ಬೇಸರ ಕಳೆಯಲು ಅಂತ ಶುರುವಾಗಿದ್ದು. ಈಗ ಓದಿಗಿಂತ ಅದೇ ಹೆಚ್ಚು ತಲೆ ತಿನ್ನುತ್ತದೆ.

ಮೊದಲು ಕಡಲ ದಂಡೆಯ ಕಥೆ. ಫ್ರಾನ್ಸಿನ ಬೋರ್ಡೊ ಜಗತ್ತಿನ ಅತಿ ಹೆಸರಾಂತ ವೈನ್ ಸೀಮೆ. ಅಟ್ಲಾಂಟಿಕ್ ಸಾಗರ ಅದರ ಪಕ್ಕದಲ್ಲೇ ಇದೆ. ಸಾಗರದ ಗಾಳಿಯಿಂದ ಅಲ್ಲಿ ಚಳಿಯೂ ಅತಿಯಾಗುವುದಿಲ್ಲ, ಬಿಸಿಲೂ ಅತಿಯಾಗುವುದಿಲ್ಲ, ಹಣ್ಣು ನಿಧಾನ ಮಾಗುತ್ತದೆ. ಆದರೆ ಅದೇ ಗಾಳಿ ಕೊಯ್ಲಿನ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಮಳೆಯನ್ನೂ ತರುತ್ತದೆ. ಹಾಗಾಗಿ ಅಲ್ಲಿಯವರು ಒಂದೇ ತಳಿ ನಂಬುವುದಿಲ್ಲ. ಬೇಗ ಮಾಗುವ ಮೆರ್ಲೋ, ತಡವಾಗಿ ಮಾಗುವ ಕ್ಯಾಬರ್ನೆ ಸಾವಿನ್ಯೋ ಎರಡನ್ನೂ ಬೆಳೆದು ಬೆರೆಸುತ್ತಾರೆ. ಒಂದಕ್ಕೆ ಮಳೆ ಹೊಡೆದರೆ ಇನ್ನೊಂದು ಕೈಹಿಡಿಯುತ್ತದೆ. ಬೋರ್ಡೊದ ಬೆರಕೆ ವೈನ್ ಬಗ್ಗೆ ಏನೇನೋ ದೊಡ್ಡ ಮಾತು ಬರೆಯುತ್ತಾರೆ. ನಮ್ಮಜ್ಜ ಇದ್ದಿದ್ದರೆ ‘ಅಕ್ಕಡಿ ಹಾಕ್ಯಾರ ಬಿಡು’ ಅಂತ ಒಂದೇ ಮಾತಲ್ಲಿ ಮುಗಿಸುತ್ತಿದ್ದ.

ಸ್ಪೇನಿನ ವಾಯವ್ಯ ಕರಾವಳಿಯ ರೀಯಾಸ್ ಬೈಶಾಸ್‌ನಲ್ಲಿ ಅಲ್ಬರೀನ್ಯೊ ಎಂಬ ಬಿಳಿ ತಳಿ. ಅಲ್ಲಿ ತೇವ ಎಷ್ಟೆಂದರೆ ಬಳ್ಳಿಯನ್ನು ಕಲ್ಲುಕಂಬ ನೆಟ್ಟು ತಲೆಯೆತ್ತರದ ಚಪ್ಪರಕ್ಕೆ ಹಬ್ಬಿಸುತ್ತಾರೆ, ಕೆಳಗೆ ಗಾಳಿಯಾಡಿ ಬೂಜು ಹಿಡಿಯದಿರಲಿ ಎಂದು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ಕಡೆಯೂ ಕಲ್ಲುಕಂಬದ ದ್ರಾಕ್ಷಿ ಚಪ್ಪರ ನೋಡಿರುತ್ತೀರಿ. ಕಂಬ ಒಂದೇ ಜಾತಿಯದು. ಆದರೆ ಬಿಸಿಲು ನೇರ ಬಡಿದು ಗೊಂಚಲು ಸುಡದಂತೆ ನೆರಳು ಕೊಡುವುದೂ ನಮ್ಮ ಚಪ್ಪರದ ಕೆಲಸ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬಗೆ. ಕಡಲಿನ ತಣ್ಣೀರಿನ ಪ್ರವಾಹದಿಂದ ಎದ್ದ ಮಂಜು ಬೆಳಿಗ್ಗೆ ದಂಡೆಯ ತೋಟಗಳನ್ನು ಮುಚ್ಚುತ್ತದೆ. ದಂಡೆಗೆ ಹತ್ತಿರವಿದ್ದಷ್ಟೂ ತಂಪು ಬೇಡುವ ತಳಿ, ಒಳನಾಡಿಗೆ ಹೋದಷ್ಟೂ ಬಿಸಿಲು ಬೇಡುವ ತಳಿ.

ಹಾಗಾದರೆ ನಮ್ಮ ಕರಾವಳಿಯಲ್ಲಿ ದ್ರಾಕ್ಷಿ ಯಾಕಿಲ್ಲ? ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ. ವರ್ಷಪೂರ್ತಿ ಬೆವರು. ಅಲ್ಲಿ ದ್ರಾಕ್ಷಿ ಎಲೆಗೆ ರೋಗ ಬಿಟ್ಟು ಬೇರೇನೂ ಬರಲಿಕ್ಕಿಲ್ಲ. ಮೋಡಗಳು ತಮ್ಮ ನೀರನ್ನೆಲ್ಲ ಘಟ್ಟಕ್ಕೆ ಸುರಿದು ಖಾಲಿ ಕೈಯಲ್ಲಿ ನಮ್ಮ ಕಡೆ ಬರುತ್ತವೆ. ಅವು ನಮಗೆ ಕೊಟ್ಟ ಬರ ದ್ರಾಕ್ಷಿಗೆ ವರವಾಯಿತು. ಆದರೆ ಆ ಬರದಿಂದಲೇ ನಮ್ಮೂರುಗಳ ಹುಡುಗರು ಮಂಗಳೂರು, ಉಡುಪಿ, ಗೋವಾಕ್ಕೆ ದುಡಿಯಲು ಹೋಗುತ್ತಾರೆ. ದ್ರಾಕ್ಷಿ ಇಲ್ಲೇ ಉಳಿದು ದ್ರಾಕ್ಷಿ ಬೆಳೆಯಬೇಕಾದವರು ಕಡಲ ದಂಡೆಗೆ ಹೋದ ಲೆಕ್ಕ ಇದು.

ಜಿಲ್ಲೆಯೊಳಗೂ ಇದೇ ವಿಚಿತ್ರ. ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯಲ್ಲಿ ಎಲ್ಲೆಲ್ಲೂ ಭತ್ತ. ನೀರಿಗೆ ಬರವಿಲ್ಲ, ಆದರೆ ನಿಂತ ನೀರಿನಿಂದ ಕೆಲವು ಕಡೆ ನೆಲ ಸವಳು ಜವಳು ಹಿಡಿದಿದೆ. ಬೇರಿಗೆ ಉಸಿರಾಡಲು ಜಾಗ ಬೇಡುವ ದ್ರಾಕ್ಷಿಗೆ ಅಲ್ಲಿ ಕೆಲಸವಿಲ್ಲ. ಯಲಬುರ್ಗಾದ ಎರೆ ನೆಲ ಜೋಳ, ಕಡಲೆಗೆ ಬಂಗಾರ. ಆದರೆ ಮಳೆಗಾಲದಲ್ಲಿ ನೀರು ಹಿಡಿದಿಟ್ಟು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹಾಗಾಗಿ ದ್ರಾಕ್ಷಿ ಹೆಚ್ಚು ಒಪ್ಪುವುದು ಕುಷ್ಟಗಿ ಕಡೆಯ ಮಸಾರಿಯನ್ನು, ಅದರಲ್ಲೂ ಗರಸು ಕೂಡಿದ, ನೀರು ಬಿದ್ದರೆ ಬಸಿದು ಹೋಗುವ ಬಡ ನೆಲವನ್ನು. ಬೋರ್ಡೊದ ಮೆಡಾಕ್ ಎಂಬಲ್ಲಿಯ ಕ್ಯಾಬರ್ನೆ ತೋಟಗಳು ನಿಂತಿರುವುದೂ ಇಂಥ ಗರಸಿನ ಮೇಲೆಯೇ. ಜೋಳಕ್ಕೂ ಆಗದ ನೆಲ ಅಂತ ನಾವು ಅನ್ನುವುದನ್ನು ಅವರು ಪ್ರದರ್ಶನಕ್ಕೆ ಇಟ್ಟಿದ್ದಾರೆ.

ಇನ್ನು ಮುಖ್ಯ ವಿಷಯ. ಯುರೋಪಿನಲ್ಲಿ ಚಳಿ ಬಂದರೆ ಬಳ್ಳಿಯ ಎಲೆ ಉದುರಿ ಅದು ಮಲಗುತ್ತದೆ. ವಸಂತದಲ್ಲಿ ತಾನಾಗಿ ಏಳುತ್ತದೆ. ವರ್ಷಕ್ಕೆ ಒಂದು ನಿದ್ದೆ, ಒಂದು ಕಟಾವು, ಒಂದು ಬೆಳೆ. ನಮ್ಮಲ್ಲಿ ಅಂಥ ಚಳಿಯೇ ಇಲ್ಲ. ಬಿಟ್ಟರೆ ಬಳ್ಳಿ ವರ್ಷವಿಡೀ ಎಚ್ಚರವಿದ್ದು ಸಿಕ್ಕಸಿಕ್ಕಂತೆ ಹಬ್ಬುತ್ತದೆ, ಹಣ್ಣು ಮಾತ್ರ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಇಲ್ಲಿ ಚಳಿಗಾಲದ ಕೆಲಸವನ್ನು ಕತ್ತರಿ ಮಾಡುತ್ತದೆ. ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಕಟಾವು. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲು, ಅಕ್ಟೋಬರ್ ಚಾಟ್ನಿ ಹಣ್ಣು ತರಲು. ಬೆಂಗಳೂರು ಸುತ್ತಿನ ಬೆಂಗಳೂರು ಬ್ಲೂ ತಳಿಗೂ ಎರಡು ಸಲ ಕಟಾವು ಮಾಡುತ್ತಾರೆ, ಆದರೆ ಅಲ್ಲಿ ಎರಡೂ ಸಲ ಹಣ್ಣು ಬರುತ್ತದೆ. 2013ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಆ ತಳಿ ಅಮೆರಿಕದ ಕಾಡುದ್ರಾಕ್ಷಿಯ ಸಂಬಂಧಿ, ಗಟ್ಟಿ ಜೀವ. ನಮ್ಮ ಕಡೆಯ ಬಳ್ಳಿಗಳು ಅಷ್ಟು ಉದಾರಿಗಳಲ್ಲ. ಎರಡು ಸಲ ಕತ್ತರಿಸಿಕೊಂಡು ಒಂದೇ ಸಲ ಕೊಡುತ್ತವೆ.

ಈ ಏಪ್ರಿಲ್ ಚಾಟ್ನಿಯೇ ನನ್ನನ್ನು ಪಡಕ್ಕೆ ಕಟ್ಟಿಹಾಕಿದ್ದು. ಎಲ್ಲರೂ ನೋಡುವುದು ಹಣ್ಣನ್ನು. ಆದರೆ ಮುಂದಿನ ಮಾರ್ಚ್‌ನ ಗೊಂಚಲು ಎಷ್ಟು ಎಂಬುದು ನಿರ್ಧಾರವಾಗುವುದು ಏಪ್ರಿಲ್ ಚಾಟ್ನಿಯಾದ 45ರಿಂದ 60 ದಿನಗಳ ಹೊತ್ತಿಗೆ, ಹೊಸ ಕಡ್ಡಿಯ ಕಣ್ಣುಗಳೊಳಗೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ಆ ಕಣ್ಣು ಗೊಂಚಲಾಗಬೇಕೋ ಬರೀ ಕುಡಿಯಾಗಬೇಕೋ ಎಂದು ತೀರ್ಮಾನ ನಡೆದಿರುತ್ತದೆ. ಆಗ ಎಲೆಯ ಮೇಲೆ ಚೆನ್ನಾಗಿ ಬಿಸಿಲು ಬೀಳಬೇಕು, ನೀರು ತುಸು ಕಡಿಮೆಯಾಗಬೇಕು. ವಾರಗಟ್ಟಲೆ ಮೋಡ ಮುಚ್ಚಿದರೆ ಅಥವಾ ಪಾಪ ಅಂತ ಹೆಚ್ಚು ನೀರು, ಗೊಬ್ಬರ ಕೊಟ್ಟರೆ ಬಳ್ಳಿ ಹಸಿರಾಗಿ ಮೆರೆದು ಅಕ್ಟೋಬರ್‌ನಲ್ಲಿ ಕೈ ಕೊಡುತ್ತದೆ. ನಮಗೆ ಶಾಪವೆನಿಸುವ ಮೇ ತಿಂಗಳ ಬಿಸಿಲಿಗೆ ಇಂಥದ್ದೊಂದು ಉಪಯೋಗ ಇರಬಹುದೆಂದು ನನಗೆ ಯಾರೂ ಪಾಠ ಮಾಡಿರಲಿಲ್ಲ.

ಕತ್ತರಿ ಹಾಕಿದರಷ್ಟೇ ಸಾಲದು. ಅಕ್ಟೋಬರ್‌ನಲ್ಲಿ ಕಣ್ಣುಗಳೆಲ್ಲ ಒಟ್ಟಿಗೇ ಒಡೆಯಲೆಂದು ಹೈಡ್ರೋಜನ್ ಸೈನಮೈಡ್ ಎಂಬ ದ್ರಾವಣ ಹಚ್ಚುತ್ತಾರೆ. ಚಳಿಯ ಬದಲಿಗೆ ರಾಸಾಯನಿಕ. ಅದು ಅಪಾಯಕಾರಿ. ಚರ್ಮಕ್ಕೆ, ಕಣ್ಣಿಗೆ ತಾಗಬಾರದು, ಹಚ್ಚಿದವರು ಆ ದಿನಗಳಲ್ಲಿ ಮದ್ಯ ಮುಟ್ಟಲೇಬಾರದು. ಮುಟ್ಟಿದರೆ ಮುಖ ಕೆಂಪೇರಿ, ಎದೆ ಬಡಿತ ಏರಿ ಆಸ್ಪತ್ರೆ ಸೇರಬೇಕಾಗುತ್ತದೆ. ಕೂಲಿಗೆ ಬಂದವರಿಗೆ ಇದನ್ನು ಹೇಳುವವರು ಕಡಿಮೆ. ಕೈಗವಸು ಕೊಡುವವರು ಇನ್ನೂ ಕಡಿಮೆ. ದ್ರಾಕ್ಷಿ ಕೆಲಸಕ್ಕೆ ಹೋಗುವ ಗೆಳೆಯ ಗೆಳತಿಯರು ಈ ಒಂದು ಮಾತನ್ನಾದರೂ ನೆನಪಿಡಿ.

ನಂತರದ್ದೆಲ್ಲ ಮಳೆಯ ಜೊತೆಗಿನ ಜೂಜು. ಚಾಟ್ನಿ ಬೇಗ ಮಾಡಿದರೆ ಹಣ್ಣು ಬೇಗ ಬರುತ್ತದೆ, ರೇಟೂ ಸಿಗುತ್ತದೆ. ಆದರೆ ಹಿಂಗಾರು ಮಳೆ ಎಳೆ ಕುಡಿಯ ಮೇಲೇ ಬೀಳುತ್ತದೆ. ಎಲೆ ಒದ್ದೆಯಾಗಿ ನಿಂತರೆ ಸಾಕು, ರೈತರ ಬಾಯಲ್ಲಿ ‘ಡೌನಿ’ ಎನಿಸಿಕೊಂಡ ಬೂಜು ರೋಗ ಬಂದು ಹೂಗೊಂಚಲನ್ನೇ ಒಣಗಿಸುತ್ತದೆ. ತಡವಾಗಿ ಮಾಡಿದರೆ ಕೊಯ್ಲು ಏಪ್ರಿಲ್‌ನ ಗಾಳಿ, ಆಲಿಕಲ್ಲಿಗೆ ಸಿಗುತ್ತದೆ. 2021ರ ನವೆಂಬರ್‌ನಲ್ಲಿ ರಾಜ್ಯದ ತುಂಬ ಸುರಿದ ಅಕಾಲಿಕ ಮಳೆ ದ್ರಾಕ್ಷಿಯವರನ್ನು ಅತ್ತೂ ಅಳದಂತೆ ಮಾಡಿತು. ಅದಕ್ಕೂ ಮುಂಚೆ 2020ರ ಮಾರ್ಚ್‌ನಲ್ಲಿ ಹಣ್ಣು ಮಾಗಿ ನಿಂತಾಗ ಲಾಕ್‌ಡೌನ್. ಕೊಳ್ಳುವವರೇ ಇಲ್ಲ. ಆ ವರ್ಷ ಕಾಕಾ ಎಲ್ಲವನ್ನೂ ಒಣಗಿಸಿದ. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಹಸಿ ಹಣ್ಣಾದರೆ ವಾರದಲ್ಲಿ ಕೊಳೆಯುತ್ತದೆ, ಒಣಗಿಸಿದರೆ ರೇಟು ಬರುವ ತನಕ ಕಾಯಬಹುದು. ಅಂದಿನಿಂದ ಅವನು ಪೂರ್ತಿ ಮಣೂಕದ ಕಡೆಗೇ ತಿರುಗಿದ್ದಾನೆ. ವಿಜಯಪುರಕ್ಕೋ ತಾಸಗಾಂವ್‌ಗೋ ಒಯ್ಯುತ್ತಾನೆ.

ಅವನ ಪಡದ ತಳಿಗಳು ಥಾಮ್ಸನ್ ಸೀಡ್‌ಲೆಸ್ ಮತ್ತು ಅದರ ಮಕ್ಕಳು. ಮೂಲದಲ್ಲಿ ಇದು ಪಶ್ಚಿಮ ಏಷ್ಯಾದ ಸುಲ್ತಾನಾ ದ್ರಾಕ್ಷಿ. ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಥಾಮ್ಸನ್ ಎಂಬವನ ಹೆಸರು ಅಂಟಿಕೊಂಡಿತು. ಅಲ್ಲಿಂದ ಇಲ್ಲಿಗೆ ಬಂದ ಮೇಲೆ ಸಾಂಗ್ಲಿ, ಸೊಲ್ಲಾಪುರದ ರೈತರು ತಮ್ಮ ತೋಟದಲ್ಲಿ ಚೆನ್ನಾಗಿ ಬಂದ ಕಡ್ಡಿಗಳನ್ನು ಆರಿಸಿ ಆರಿಸಿ ತಾಸ್-ಎ-ಗಣೇಶ್, ಸೋನಾಕಾ, ಮಾಣಿಕ್ ಚಮನ್ ಎಂಬ ತಳಿಗಳನ್ನು ಮಾಡಿದರು. ಪ್ರಯೋಗಾಲಯದಲ್ಲಲ್ಲ, ಹೊಲದಲ್ಲಿ. ಕೆಳಗಿನ ಬೇರು ಮಾತ್ರ ಇವುಗಳದ್ದಲ್ಲ. ಅದು ಟೆಕ್ಸಸ್‌ನ ಡಾಗ್‌ರಿಜ್ ಎಂಬ ಕಾಡುಬಳ್ಳಿಯ ಬೇರು. ಅದರ ಮೇಲೆ ಕಸಿ ಕಟ್ಟುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಬೇರು ತಿನ್ನುವ ಹೇನಿನಿಂದ ಫ್ರಾನ್ಸಿನ ತೋಟಗಳು ನೆಲಕಚ್ಚಿದಾಗ ಅಮೆರಿಕದ ಬೇರುಗಳೇ ಅವನ್ನು ಉಳಿಸಿದವು. ನಮಗೆ ಆ ಬೇರು ಬೇಕಾದದ್ದು ಹೇನಿಗಲ್ಲ, ಬೋರಿನ ಉಪ್ಪು ನೀರಿಗೆ.

ವೈನ್ ತಳಿಗಳ ಕಥೆ ಬೇರೆ. ತಿನ್ನುವ ದ್ರಾಕ್ಷಿ ದಪ್ಪ ಕಾಳು, ತೆಳು ಸಿಪ್ಪೆ, ಬೀಜವಿಲ್ಲದ್ದು ಬೇಕು. ಅದಕ್ಕಾಗಿ ಜಿಬ್ಬರಲಿಕ್ ಆಮ್ಲ ಸಿಂಪಡಿಸಿ ಕಾಳು ಉದ್ದ ಮಾಡುತ್ತಾರೆ. ವೈನಿಗೆ ಸಣ್ಣ ಕಾಳು, ದಪ್ಪ ಸಿಪ್ಪೆಯೇ ಬೇಕು. ಕೆಂಪು ವೈನಿನ ಬಣ್ಣ ಬರುವುದು ರಸದಿಂದಲ್ಲ, ಸಿಪ್ಪೆಯಿಂದ. ಸಕ್ಕರೆ, ಹುಳಿ ಎರಡೂ ಇರಬೇಕು. ಬಿಸಿಲು ಸಕ್ಕರೆ ತುಂಬುತ್ತದೆ, ಆದರೆ ರಾತ್ರಿಯೂ ಸೆಕೆಯಿದ್ದರೆ ಹುಳಿ ಸುಟ್ಟುಹೋಗಿ ವೈನ್ ಸಪ್ಪೆಯಾಗುತ್ತದೆ. ಕಡಲ ದಂಡೆಯವರಿಗೆ ತಂಪನ್ನು ಸಮುದ್ರ ಕೊಡುತ್ತದೆ. ನಮಗೆ? ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಮೇಲಿರುವ ಈ ಬಯಲಿನಲ್ಲಿ ಡಿಸೆಂಬರ್, ಜನವರಿಯ ಹಗಲು ಬಿಸಿಯಿದ್ದರೂ ರಾತ್ರಿ ಕಂಬಳಿ ಬೇಕು. ಮೋಡವಿಲ್ಲದ ಆಕಾಶಕ್ಕೆ ನೆಲದ ಕಾವೆಲ್ಲ ಹೊರಟುಹೋಗುತ್ತದೆ. ಕಡಲಿಲ್ಲದಿರುವುದೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಕ್ಟೋಬರ್ ಚಾಟ್ನಿಯಿಂದ ಹಣ್ಣನ್ನು ಇದೇ ಒಣ, ತಂಪು ರಾತ್ರಿಗಳ ಕಾಲಕ್ಕೆ ತಂದು ನಿಲ್ಲಿಸುತ್ತಾರೆ.

ಈ ಲೆಕ್ಕ ಹಿಡಿದೇ ಹೈದರಾಬಾದಿನ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಮಾ ಎಸ್ಟೇಟ್ಸ್ ಎಂಬ ದ್ರಾಕ್ಷಿ ತೋಟ, ವೈನರಿ ಕಟ್ಟಿದರು. ಇಬ್ಬರೂ ಮ್ಯಾರಥಾನ್ ಓಟಗಾರರು ಕೂಡ. ಅಲ್ಲಿ ಬೋರ್ಡೊದ ಕ್ಯಾಬರ್ನೆ ಸಾವಿನ್ಯೋ, ಇಟಲಿಯ ಟಸ್ಕನಿಯ ಸಾಂಜೊವೇಸೆ, ಬಿಳಿ ತಳಿಗಳಾದ ಸಾವಿನ್ಯೋ ಬ್ಲಾಂ, ಶಾರ್ಡೊನೆ ಬೆಳೆಯುತ್ತಾರೆ. ಟಸ್ಕನಿಯಲ್ಲಿ ಸಾಂಜೊವೇಸೆ ಗುಡ್ಡದ ಬೆಳೆ, ಕ್ಯಾಬರ್ನೆ ಹೆಸರು ಮಾಡಿದ್ದು ಕಡಲಂಚಿನ ಬೊಲ್ಗೆರಿಯಲ್ಲಿ. ಇಲ್ಲಿ ಎರಡೂ ಒಂದೇ ಬೇಲಿಯೊಳಗೆ. ಅಂದಹಾಗೆ ಕ್ಯಾಬರ್ನೆ ಸಾವಿನ್ಯೋ ಎಂಬುದು ಕ್ಯಾಬರ್ನೆ ಫ್ರಾಂ ಮತ್ತು ಸಾವಿನ್ಯೋ ಬ್ಲಾಂ ತಳಿಗಳಿಗೆ ಹುಟ್ಟಿದ ಮಗು ಎಂದು ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಗಿ ಪ್ರಕಟವಾದದ್ದು 1997ರಲ್ಲಿ. ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ ವರ್ಷ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ, ನೆನಪಿಡಲು ಸುಲಭ ಅಂತ ಬರೆದೆ.

ಬಾಟಲಿ ಹೊರಗೆ ಹೋಗುವುದು ‘ಹಂಪಿ ಹಿಲ್ಸ್’ ಎಂಬ ಹೆಸರಿನಲ್ಲಿ. ಆನೆಗೊಂದಿ, ಅಂಜನಾದ್ರಿ ನಮ್ಮ ಗಂಗಾವತಿಯಲ್ಲಿದ್ದರೂ ಬಂದವರು ಹಂಪಿ ನೋಡಿದೆವು ಅನ್ನುತ್ತಾರೆ. ದ್ರಾಕ್ಷಿಗೂ ಅದೇ ಗತಿ. ಕೊಪ್ಪಳ ಅಂದರೆ ಜಗತ್ತಿಗೆ ಏನು ಗೊತ್ತು ಎಂಬ ಅವರ ವ್ಯಾಪಾರದ ತರ್ಕ ಸರಿಯೇ. ಆದರೂ ಗೊತ್ತಾಗುವಂತೆ ಮಾಡಬಹುದಿತ್ತಲ್ಲ ಎಂದು ನನಗೆ ಅನಿಸುವುದೂ ತಪ್ಪಲ್ಲ.

ಮನೆಯಲ್ಲಿ ವೈನ್ ವಿಷಯ ಎತ್ತಿದರೆ ಅವ್ವ, ‘ಶೆರೆ ಮಾಡೋ ಕೆಲಸ ಕಲ್ಯಾಕ ಡಿಗ್ರಿ ಓದಿದೇನವ್ವಾ?’ ಅಂತಾಳೆ. ಅವಳ ಮಾತನ್ನು ನಗೆಯಲ್ಲಿ ಹಾರಿಸುವಂತಿಲ್ಲ. ಕುಡಿತ ಎಷ್ಟು ಮನೆ ಮುರಿದಿದೆ ಎಂದು ಅವಳಿಗಿಂತ ಚೆನ್ನಾಗಿ ಕಂಡವರು ಯಾರು? ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ರೈತನ ಹಣ್ಣಿಗೆ ಇನ್ನೊಂದು ದಾರಿ ಸಿಗಲಿ ಎಂಬ ಉದ್ದೇಶವಿತ್ತು. ಆದರೆ ನಮ್ಮಂಥ ಸಣ್ಣ ಹಿಡುವಳಿಯವರು ಕ್ಯಾಬರ್ನೆ ಹಾಕಿದರೆ ಕೊಳ್ಳುವವರು ಒಬ್ಬರೋ ಇಬ್ಬರೋ. ಅವರು ಬೇಡ ಅಂದರೆ ಆ ಹುಳಿಸಿಹಿ ಬೀಜದ ಕಾಳನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ, ಒಣಗಿಸಲೂ ಬರುವುದಿಲ್ಲ. ಕಾಕಾ ವೈನ್ ತಳಿ ಯಾಕೆ ಹಾಕಲಿಲ್ಲ ಎಂಬುದಕ್ಕೆ ಇದೇ ಕಾರಣ. ಧರ್ಮ ಅಡ್ಡ ಬಂದಿಲ್ಲ, ಮಾರುಕಟ್ಟೆ ಅಡ್ಡ ಬಂದಿದೆ.

ಹಾಗಂತ ದ್ರಾಕ್ಷಿ ಹಾಕಿ, ಊರಲ್ಲೇ ಇರಿ ಎಂದು ಕೆಲಸ ಹುಡುಕುವವರಿಗೆ ಬೋಧನೆ ಮಾಡಲು ನನಗೆ ಧೈರ್ಯವಿಲ್ಲ. ಚಪ್ಪರ, ಹನಿ ನೀರಾವರಿ, ಸಸಿ ಸೇರಿ ಎಕರೆಗೆ ಹಲವು ಲಕ್ಷ ಬೇಕು. ಮೊದಲ ಬೆಳೆಗೆ ಎರಡು ವರ್ಷ ಕಾಯಬೇಕು. ಬೋರು ಯಾವಾಗ ಕೈ ಕೊಡುತ್ತದೋ ಹೇಳಲಾಗದು. ಕುಷ್ಟಗಿಯಲ್ಲಿ ಒಂದು ಕಾಲಕ್ಕೆ ದಾಳಿಂಬೆ ಹೀಗೆಯೇ ಮೆರೆದು, ದುಂಡಾಣು ಅಂಗಮಾರಿ ಬಂದು ತೋಟಕ್ಕೆ ತೋಟವೇ ಕಿತ್ತದ್ದನ್ನು ನಾವು ಕಂಡಿದ್ದೇವೆ.

ಆದರೆ ಸ್ವಂತ ಪಡ ಇಲ್ಲದಿದ್ದರೂ ಈ ಬೆಳೆಯಲ್ಲಿ ಓದಿದವರಿಗೆ ಕೆಲಸವಿದೆ ಎಂಬುದು ನನಗೆ ತಡವಾಗಿ ತಿಳಿಯಿತು. ಒಂದು ಉದಾಹರಣೆ: 2010ರಲ್ಲಿ ಭಾರತದ ದ್ರಾಕ್ಷಿ ಯುರೋಪಿನಲ್ಲಿ ತಿರಸ್ಕೃತವಾಯಿತು. ಕಾರಣ ಕ್ಲೋರ್ಮೆಕ್ವಾಟ್ ಎಂಬ, ಬಳ್ಳಿಯ ಓಟ ತಡೆಯುವ ರಾಸಾಯನಿಕದ ಉಳಿಕೆ. ಯಾವ ಔಷಧಿ ಯಾವ ದಿನ ಹೊಡೆದರು, ಕೊಯ್ಲಿಗೆ ಎಷ್ಟು ದಿನ ಮುಂಚೆ ನಿಲ್ಲಿಸಿದರು ಎಂದು ಬರೆದಿಡುವವರು ಬೇಕು. ರಫ್ತಿನ ತೋಟಗಳ ನೋಂದಣಿಗೆ ಗ್ರೇಪ್‌ನೆಟ್ ಎಂಬ ವ್ಯವಸ್ಥೆಯೇ ಇದೆ. ಪುಣೆ ಹತ್ತಿರದ ಮಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ನಮ್ಮ ಮುನಿರಾಬಾದಿನಲ್ಲೇ ತೋಟಗಾರಿಕೆ ಕಾಲೇಜಿದೆ. ಪಿಯುಸಿ ವಿಜ್ಞಾನ ಓದುತ್ತಿರುವ ತಂಗಿ ತಮ್ಮಂದಿರು ಎಂಜಿನಿಯರಿಂಗ್ ಸಿಗದಿದ್ದರೆ ಎಂಬ ಲೆಕ್ಕಕ್ಕಲ್ಲ, ಮೊದಲ ಆಯ್ಕೆಯಾಗಿಯೇ ಅದನ್ನು ನೋಡಬಹುದು.

ಇನ್ನೊಂದು ಕೆಲಸ ನನಗೆ ಬಹಳ ಹಿಡಿಸಿದ್ದು ಕಡ್ಡಿ ಪರೀಕ್ಷೆ. ಅಕ್ಟೋಬರ್ ಚಾಟ್ನಿಗೆ ಮುಂಚೆ ಪಡದ ಅಲ್ಲಲ್ಲಿಂದ ಕಡ್ಡಿ ಆರಿಸಿ, ಕಣ್ಣುಗಳನ್ನು ಒಂದೊಂದಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ ಆದ ತೀರ್ಮಾನ ಆಗ ಕಣ್ಣಿಗೆ ಕಾಣುತ್ತದೆ, ಬಿಳಿ ಚುಕ್ಕೆಯಂಥ ಗೊಂಚಲಿನ ಮೊಳಕೆ. ಎಷ್ಟನೇ ಕಣ್ಣಿನಲ್ಲಿ ಅದು ಇದೆಯೋ ಅದರ ಮೇಲಕ್ಕೆ ಕತ್ತರಿ. ಲೆಕ್ಕ ತಪ್ಪಿ ಒಂದು ಕಣ್ಣು ಕೆಳಗೆ ಕತ್ತರಿಸಿದರೆ ಆ ಕಡ್ಡಿಯ ವರ್ಷದ ದುಡಿಮೆ ನೆಲಕ್ಕೆ. ಈ ಸಲ ಕಡ್ಡಿ ಆರಿಸಿ, ಗುರುತು ಕಟ್ಟಿ, ಪರೀಕ್ಷೆಗೆ ಒಯ್ದವಳು ನಾನೇ. ಹಾಳೆಯಲ್ಲಿ ಆರು ಮತ್ತು ಏಳನೇ ಕಣ್ಣು ಎಂದು ಬಂದಿದೆ. ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿ, ‘ಎಂಟರ ಮ್ಯಾಲೆ ಹೊಡೀಬೇಕು, ಎಲ್ಲಾರ್ಗೂ ನೀನ ಹೇಳು’ ಅಂದ. ಚಾಟ್ನಿ ಅಕ್ಟೋಬರ್ ಎರಡನೇ ವಾರಕ್ಕೆ ಇಟ್ಟಿದ್ದೇವೆ. ಕತ್ತರಿ ಹಿಡಿಯಲು ಎಂಟು ಜನ ಬೇಕು, ಸದ್ಯಕ್ಕೆ ಆರು ಜನ ಸಿಕ್ಕಿದ್ದಾರೆ. ಮಂಗಳೂರಿಗೆ ಹೋದ ಇಬ್ಬರಿಗೆ ಫೋನ್ ಮಾಡಿದ್ದೇನೆ.